ನಿಮಗಿದು ಗೊತ್ತೇ? ನಿಮ್ಮ ವೀಸಾ ವಕೀಲರು ಯಾರ ವಕೀಲರು?

ಟೆಕ್ಸಾಸ್‌ನಲ್ಲಿ ಆಫೀಸು ಇಟ್ಟುಕೊಂಡ ವಕೀಲರು ನ್ಯೂಜೆರ್ಸಿಯಲ್ಲಿರುವ ಕನ್ನಡಿಗರ ಗ್ರೀನ್ ಕಾರ್ಡ್ ಅರ್ಜಿಯನ್ನು ಧಾರಾಳವಾಗಿ ನಡೆಸಬಹುದು. ಅಮೆರಿಕದಲ್ಲಿ ವಲಸೆ ಕಾನೂನು ರಾಜ್ಯಗಳದ್ದಲ್ಲ, ಪೂರ್ತಿ ಕೇಂದ್ರ ಸರ್ಕಾರದ್ದು. ಯಾವುದಾದರೂ ಒಂದು ರಾಜ್ಯದ ಬಾರ್‌ನಲ್ಲಿ, ಅಂದರೆ ವಕೀಲರ ಮಂಡಳಿಯಲ್ಲಿ, ಕಳಂಕವಿಲ್ಲದ ಪರವಾನಗಿ ಇದ್ದರೆ ಐವತ್ತೂ ರಾಜ್ಯಗಳವರ ವಲಸೆ ಕೆಲಸಕ್ಕೆ ಅದೇ ಸಾಕು. ವಿಚ್ಛೇದನಕ್ಕೋ ಬಾಡಿಗೆ ಜಗಳಕ್ಕೋ ಈ ಸೌಕರ್ಯ ಇಲ್ಲ. ಹತ್ತಿರದ ವಕೀಲರೇ ಬೇಕು ಅನ್ನಿಸುವುದು ವಲಸೆ ಕೋರ್ಟಿಗೆ ಅಲೆಯಬೇಕಾದಾಗ ಅಥವಾ ಸಂದರ್ಶನದ ದಿನ ಪಕ್ಕದಲ್ಲಿ ಒಬ್ಬರು ಕೂರಬೇಕಾದಾಗ. ಎಚ್-1ಬಿ ಎಂಬ ಉದ್ಯೋಗ ವೀಸಾದಂಥ ಕೆಲಸ ಮುಗಿಯುವುದು ಅಂಚೆಯಲ್ಲಿ, ಇಲ್ಲವೇ ಆನ್‌ಲೈನ್‌ನಲ್ಲಿ.

ಆ ಪರವಾನಗಿ ನಿಜವೇ ಎಂದು ನೋಡಲು ಯಾರ ಶಿಫಾರಸೂ ಬೇಡ. ಆಯಾ ರಾಜ್ಯದ ಬಾರ್‌ನ ಜಾಲತಾಣದಲ್ಲಿ ಹೆಸರು ಹಾಕಿದರೆ ಪರವಾನಗಿ ಸಿಕ್ಕ ವರ್ಷ, ಈಗಿನ ಸ್ಥಿತಿ, ಶಿಸ್ತುಕ್ರಮ ಏನಾದರೂ ಆಗಿದ್ದರೆ ಅದರ ಸುಳಿವು ಎಲ್ಲ ಸಿಗುತ್ತದೆ, ಅದೂ ಪುಕ್ಕಟೆ. ವಲಸೆ ಕೋರ್ಟುಗಳನ್ನು ನಡೆಸುವ ಇಲಾಖೆ ತಾನು ಅಮಾನತು ಮಾಡಿದ, ಹೊರಹಾಕಿದ ವಕೀಲರ ಪಟ್ಟಿಯನ್ನು ಬೇರೆಯಾಗಿಯೇ ಪ್ರಕಟಿಸುತ್ತದೆ. ಹತ್ತು ಲಕ್ಷದ ಕಾರು ಕೊಳ್ಳುವ ಮುಂಚೆ ಹತ್ತು ವಿಡಿಯೋ ನೋಡುವ ನಮ್ಮ ಜನ ಈ ಐದು ನಿಮಿಷದ ಕೆಲಸ ಮಾಡುವುದಿಲ್ಲ ಎನ್ನುವುದು ನನ್ನ ದೂರು.

ಬೆಂಗಳೂರಿನ ಸಿವಿಲ್ ಕೋರ್ಟಿನ ಆಸುಪಾಸಿನಲ್ಲಿ ಕಾಣುವ ನೋಟರಿಗಳು ಸಾಮಾನ್ಯವಾಗಿ ವಕೀಲರೇ. 1956ರ ನಿಯಮಗಳ ಪ್ರಕಾರ ವಕೀಲರು ನೋಟರಿ ಆಗಬೇಕಾದರೆ ಹತ್ತು ವರ್ಷ ವಕಾಲತ್ತು ಮಾಡಿರಬೇಕು; ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರಿಗೆ ಏಳು ವರ್ಷ ಸಾಕು. ಅಮೆರಿಕದ ನೋಟರಿ ಹಾಗಲ್ಲ. ಸಹಿಗೆ ಸಾಕ್ಷಿ ನಿಲ್ಲುವುದಷ್ಟೇ ಅವರ ಕೆಲಸ. ಕಾನೂನು ಓದಿರಬೇಕಾಗಿಲ್ಲ, ಸಲಹೆ ಕೊಡುವ ಅಧಿಕಾರವೂ ಇಲ್ಲ. ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ನೋಟರಿ ಎಂದರೆ ದೊಡ್ಡ ವಕೀಲ. ಈ ವ್ಯತ್ಯಾಸವನ್ನೇ ಬಂಡವಾಳ ಮಾಡಿಕೊಂಡು, ನೋಟರಿ ಬೋರ್ಡು ತೂಗುಹಾಕಿ ವಲಸಿಗರ ಹಣ ನುಂಗುವವರು ಅಲ್ಲಿ ಎಷ್ಟೋ ವರ್ಷಗಳಿಂದ ಇದ್ದಾರೆ.

ಕ್ಯಾಲಿಫೋರ್ನಿಯಾದಲ್ಲಿ 'ಇಮಿಗ್ರೇಷನ್ ಕನ್ಸಲ್ಟೆಂಟ್' ಎಂದು ಬೋರ್ಡು ಹಾಕುವವರು 1 ಲಕ್ಷ ಡಾಲರ್‌ನ ಬಾಂಡ್ ಇಡಬೇಕು. ಇಟ್ಟ ಮೇಲೂ ಫಾರಂ ತುಂಬಿಕೊಡುವುದು, ಅನುವಾದ ಮಾಡಿಕೊಡುವುದು, ಇಂಥ ಕೆಲಸಗಳನ್ನಷ್ಟೇ ಮಾಡಬಹುದು. ಯಾವ ಫಾರಂ ತುಂಬಬೇಕು ಎಂದು ಹೇಳಿದರೂ ಅದು ಕಾನೂನು ಸಲಹೆಯಾಗಿ ತಪ್ಪಾಗುತ್ತದೆ.

ಕೆನಡಾದ ದಾರಿ ಬೇರೆ. ಅಲ್ಲಿ ವಕೀಲರಲ್ಲದ ಸಲಹೆಗಾರರಿಗೂ ಲೈಸೆನ್ಸ್ ಉಂಟು. 2021ರ ನವೆಂಬರ್‌ನಿಂದ ಅವರನ್ನು ನೋಡಿಕೊಳ್ಳಲು ಪ್ರತ್ಯೇಕ ಕಾಲೇಜ್ ಎಂಬ ನಿಯಂತ್ರಣ ಸಂಸ್ಥೆಯೇ ಇದೆ. ಕ್ವಿಬೆಕ್‌ನ ನೋಟರಿಗಳಂತೂ ಅಲ್ಲಿ ವಲಸೆ ಅರ್ಜಿ ನಡೆಸುವ ಹಕ್ಕುಳ್ಳವರು. ಬ್ರಿಟನ್‌ನಲ್ಲಿ ನೋಂದಣಿಯೂ ಇಲ್ಲದೆ, ವಿನಾಯಿತಿಯೂ ಇಲ್ಲದೆ ವಲಸೆ ಸಲಹೆ ಕೊಡುವುದು ಕ್ರಿಮಿನಲ್ ಅಪರಾಧ. ಆ ನೋಂದಣಿ ನೋಡುವ ಸಂಸ್ಥೆಗೆ 2025ರ ಜನವರಿಯಿಂದ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ ಎಂದು ಹೊಸ ಹೆಸರು. ಆಸ್ಟ್ರೇಲಿಯಾದಲ್ಲಿ 2021ರ ಮಾರ್ಚ್‌ವರೆಗೆ ವಕೀಲರೂ ಮೈಗ್ರೇಷನ್ ಏಜೆಂಟ್ ಎಂದು ನೋಂದಣಿ ಮಾಡಿಸಬೇಕಿತ್ತು; ಈಗ ಪೂರ್ಣ ಪರವಾನಗಿ ಇರುವ ವಕೀಲರಿಗೆ ಆ ತಾಪತ್ರಯವಿಲ್ಲ. ಭಾರತದಲ್ಲಿ 1983ರ ವಲಸೆ ಕಾಯ್ದೆಯಡಿ ಲೈಸೆನ್ಸ್ ಬೇಕಿರುವುದು ಹೊರದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟರಿಗೆ. ಆ ಲೈಸೆನ್ಸ್ ತೋರಿಸಿ 'ನಾವು ಪಿಆರ್ (ಕಾಯಂ ವಾಸದ ಅನುಮತಿ) ಮಾಡಿಸಿಕೊಡ್ತೀವಿ' ಎಂದರೆ ಎರಡಕ್ಕೂ ಸಂಬಂಧವಿಲ್ಲ ಎಂದು ತಿಳಿದಿರಿ.

ಅಮೆರಿಕನ್ ಇಮಿಗ್ರೇಷನ್ ಲಾಯರ್ಸ್ ಅಸೋಸಿಯೇಷನ್ ಹುಟ್ಟಿದ್ದು 1946ರಲ್ಲಿ. ಅದೇ ವರ್ಷ ಲೂಸ್-ಸೆಲ್ಲರ್ ಕಾಯ್ದೆ ಬಂದು ಭಾರತೀಯರಿಗೆ ಅಮೆರಿಕದ ಪೌರತ್ವದ ಬಾಗಿಲು ತೆರೆಯಿತು. ಈ ಸಂಘದ ಸದಸ್ಯತ್ವ ಇದ್ದರೆ ಒಳ್ಳೆಯ ಲಕ್ಷಣವೇ, ಆದರೆ ಅದು ಪರವಾನಗಿ ಅಲ್ಲ, ಕಡ್ಡಾಯವೂ ಅಲ್ಲ. ವಲಸೆ ಕಾನೂನಿನಲ್ಲಿ ಪರೀಕ್ಷೆ ಕೊಟ್ಟು 'ತಜ್ಞ' ಎಂಬ ಪ್ರಮಾಣಪತ್ರ ಪಡೆಯುವ ಏರ್ಪಾಟು ಇರುವುದು ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಫ್ಲಾರಿಡಾ, ನಾರ್ತ್ ಕೆರೊಲಿನಾದಂಥ ಕೆಲವೇ ರಾಜ್ಯಗಳಲ್ಲಿ.

ಭಾರತದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ. ಬಾರ್ ಕೌನ್ಸಿಲ್‌ನ 36ನೇ ನಿಯಮ ಅದನ್ನು ತಡೆಯುತ್ತದೆ. ಅಮೆರಿಕದಲ್ಲೂ 1977ರವರೆಗೆ ಹೆಚ್ಚುಕಡಿಮೆ ಹೀಗೇ ಇತ್ತು. ಅರಿಜೋನಾದ ಇಬ್ಬರು ವಕೀಲರು ತಮ್ಮ ದರಪಟ್ಟಿಯನ್ನು ಪತ್ರಿಕೆಯಲ್ಲಿ ಹಾಕಿಸಿ ಸುಪ್ರೀಂ ಕೋರ್ಟ್‌ವರೆಗೂ ಹೋರಾಡಿ ಗೆದ್ದರು. ಅಲ್ಲಿಂದಾಚೆಗೆ ಬಸ್ಸಿನ ಮೈಮೇಲೂ ಟಿವಿಯಲ್ಲೂ ವಕೀಲರ ಮುಖ. ಆದರೆ ಗಿರಾಕಿಯನ್ನು ದಾರಿ ತಪ್ಪಿಸುವ ಮಾತು ಮಾತ್ರ ಇಂದಿಗೂ ನಿಷಿದ್ಧ. 'ನೂರಕ್ಕೆ ನೂರು ಗ್ಯಾರಂಟಿ', 'ಆಫೀಸಿನ ಒಳಗೆ ನಮ್ಮವರಿದ್ದಾರೆ' ಎಂದವರ ಮುಂದಿನ ಕುರ್ಚಿಯಿಂದ ಎದ್ದು ಬನ್ನಿ. ಎಚ್-1ಬಿ ಆಯ್ಕೆಯಲ್ಲಿ ಹೆಸರು ಬರುವಂತೆ ಮಾಡುವ ವಿದ್ಯೆ ಯಾವ ವಕೀಲರಿಗೂ ಗೊತ್ತಿಲ್ಲ. ಒಂದೊಂದು ದೇಶಕ್ಕೆ ಶೇ 7 ಎಂಬ ಗ್ರೀನ್ ಕಾರ್ಡ್ ಮಿತಿಯಿಂದ ಭಾರತೀಯರ ಸಾಲು ಬೆಳೆದಿರುವುದು. ಆ ಸಾಲನ್ನು ನುಸುಳಿ ಮುಂದೆ ಹೋಗುವ ಕಿಂಡಿಯೂ ಇಲ್ಲ.

ಈಗ ತಲೆಬರಹದ ಪ್ರಶ್ನೆ. ಎಚ್-1ಬಿ ಅರ್ಜಿಯಲ್ಲಿ ಅರ್ಜಿದಾರರು ನೀವಲ್ಲ, ಕಂಪನಿ. ವಕೀಲರನ್ನು ಆರಿಸುವುದು, ಅವರ ಬಿಲ್ಲು ಕಟ್ಟುವುದು ಕಂಪನಿ. ಹಾಗಾದರೆ ದಿನಾ ಇಮೇಲ್‌ನಲ್ಲಿ 'ಪೇ ಸ್ಲಿಪ್ ಕಳಿಸಿ, ಪಾಸ್‌ಪೋರ್ಟ್ ಕಳಿಸಿ' ಎನ್ನುವ ಆ ವಕೀಲರು ಯಾರ ಕಡೆಯವರು? ಬಹಳ ಸಲ ಉತ್ತರ: ಇಬ್ಬರ ಕಡೆಯವರೂ ಹೌದು. ಇದಕ್ಕೆ ಅಲ್ಲಿ 'ಡ್ಯುಯಲ್ ರೆಪ್ರೆಸೆಂಟೇಷನ್' ಎನ್ನುತ್ತಾರೆ. ಗಂಡಿನ ಕಡೆಗೂ ಹೆಣ್ಣಿನ ಕಡೆಗೂ ಒಬ್ಬರೇ ಪುರೋಹಿತರು ಇದ್ದಂತೆ. ಎಲ್ಲ ಸುಸೂತ್ರವಾಗಿರುವಾಗ ಖರ್ಚೂ ಕಮ್ಮಿ, ಕೆಲಸವೂ ಸಲೀಸು. ತೊಡಕು ಬರುವುದು ಎರಡು ಕಡೆಯ ಹಿತ ಬೇರೆ ಬೇರೆಯಾದಾಗ. 'ಸಾರ್, ಬೇರೆ ಕಂಪನಿಯಿಂದ ಆಫರ್ ಬಂದಿದೆ, ಈಗ ಬಿಟ್ಟರೆ ನನ್ನ ಗ್ರೀನ್ ಕಾರ್ಡ್ ಏನಾಗುತ್ತೆ?' ಎಂದು ಆ ವಕೀಲರನ್ನು ಗುಟ್ಟಾಗಿ ಕೇಳಿದಿರಿ ಎನ್ನಿ. ಜಂಟಿ ಪ್ರಾತಿನಿಧ್ಯದಲ್ಲಿ ಒಬ್ಬ ಕಕ್ಷಿದಾರರು ಹೇಳಿದ್ದನ್ನು ಇನ್ನೊಬ್ಬ ಕಕ್ಷಿದಾರರಿಂದ ಮುಚ್ಚಿಡುವ ಭರವಸೆ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಗುಟ್ಟು ಎಚ್‌ಆರ್ ಮೇಜಿಗೆ ಹೋದರೆ ವಕೀಲರನ್ನು ಬೈಯುವಂತಿಲ್ಲ. ಕೆಲವು ಕಡೆ ಕಂಪನಿ ಮಾತ್ರವೇ ಕಕ್ಷಿದಾರ ಎಂದು ಕರಾರಿನಲ್ಲೇ ಬರೆದಿರುತ್ತಾರೆ. ಆಗ ನೀವು ಬರೀ ಫೈಲಿನಲ್ಲಿರುವ ಒಂದು ಹೆಸರು.

ಆದ್ದರಿಂದ ಮೊದಲ ಮಾತುಕತೆಯಲ್ಲೇ ಕೇಳಿ: 'ಇದರಲ್ಲಿ ನಿಮ್ಮ ಕಕ್ಷಿದಾರ ನಾನೋ, ಕಂಪನಿಯೋ, ಇಬ್ಬರೋ?' ಕೆಲಸ ಬಿಡುವುದು, ವಿಚ್ಛೇದನ, ಹಳೆಯ ಪೊಲೀಸ್ ಕೇಸು ಇಂಥ ಸಂಗತಿಗಳಿಗೆ ಸ್ವಂತ ದುಡ್ಡು ಕೊಟ್ಟು ಬೇರೊಬ್ಬರ ಹತ್ತಿರ ಒಂದು ಗಂಟೆ ಕೂತು ಬನ್ನಿ. ಒಬ್ಬರೇ ಆಫೀಸು ನಡೆಸುವ ಸೋಲೋ ವಕೀಲರು ಇಲ್ಲಿಯೇ ನನಗೆ ಹೆಚ್ಚು ಹಿಡಿಸುವುದು. ಅವರ ಬಾಗಿಲಿಗೆ ನೀವಾಗಿ ಹೋಗಿರುತ್ತೀರಿ, ಫೀಸು ನೀವೇ ಕೊಟ್ಟಿರುತ್ತೀರಿ. ಅವರು ಯಾರ ವಕೀಲರು ಎಂಬ ಅನುಮಾನಕ್ಕೆ ಎಡೆಯೇ ಇಲ್ಲ.

ಎಚ್-1ಬಿ ಅರ್ಜಿಯ ವಕೀಲರ ಫೀಸನ್ನು ನೌಕರನ ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ, ಅದು ಕಂಪನಿಯ ಖರ್ಚು. ಗ್ರೀನ್ ಕಾರ್ಡಿನ ಮೊದಲ ಮೆಟ್ಟಿಲಾದ 'ಪರ್ಮ್' ಹಂತದ ವಕೀಲರ ಫೀಸನ್ನೂ 2007ರ ಜುಲೈ 16ರಿಂದ ಕಂಪನಿಯೇ ಕೊಡಬೇಕು. ಆಮೇಲಿನ ಹಂತಗಳ ಅರ್ಜಿಗಳಾದ ಐ-140, ಐ-485ಗಳ ಖರ್ಚನ್ನು ನೌಕರ ಹೊರಬಹುದು. 'ಎಲ್ಲ ನೀವೇ ಕೊಡಿ, ಆಮೇಲೆ ನೋಡೋಣ' ಎನ್ನುವ ಸಣ್ಣ ಕನ್ಸಲ್ಟೆನ್ಸಿಗಳಿಗೆ ಈ ನಿಯಮ ಗೊತ್ತಿಲ್ಲ ಎಂದು ನಂಬುವಷ್ಟು ಮುಗ್ಧ ನಾನಲ್ಲ.

ಕೆಲಸ ಹೋದರೆ ಎಚ್-1ಬಿಯವರಿಗೆ ಸಿಗುವ ಬಿಡುವು ಹೆಚ್ಚೆಂದರೆ 60 ದಿನ; ದೇಶದಲ್ಲಿರಲು ಕೊಟ್ಟ ಅವಧಿಯ ದಾಖಲೆಯಾದ ಐ-94ರ ಗಡುವು ಅದಕ್ಕೂ ಮುಂಚೆಯೇ ಮುಗಿದರೆ ಅಲ್ಲಿಯವರೆಗೆ ಮಾತ್ರ. ಈ ಸೌಲಭ್ಯವೂ 2017ರ ಜನವರಿಯಿಂದ ಈಚೆಗೆ ಬಂದದ್ದು. ಅದೇ ನಿಯಮಾವಳಿಯಲ್ಲಿ ಇನ್ನೊಂದು ಸಮಾಧಾನವಿದೆ: ಐ-140 ಮಂಜೂರಾಗಿ 180 ದಿನ ಕಳೆದಿದ್ದರೆ, ಕಂಪನಿ ಅದನ್ನು ಹಿಂದಕ್ಕೆ ತೆಗೆದುಕೊಂಡೆ ಎಂದಷ್ಟಕ್ಕೇ ಮಂಜೂರಾತಿ ರದ್ದಾಗುವುದಿಲ್ಲ. ಲೇ ಆಫ್ ಪತ್ರ ಕೈಗೆ ಬಂದ ದಿನ ಇದನ್ನೆಲ್ಲ ಕೂಡಿಸಿ ಕಳೆದು ಹೇಳಲು ನಿಮ್ಮ ಕಡೆಯವರೊಬ್ಬರು ಬೇಕು. ಕಂಪನಿಯ ವಕೀಲರು ಅಂದಿನಿಂದ ಕಂಪನಿಯವರು.

ಜಿ-28 ಎಂಬುದು 'ಇವರು ನನ್ನ ವಕೀಲರು' ಎಂದು ವಲಸೆ ಇಲಾಖೆಗೆ ತಿಳಿಸುವ ಫಾರಂ. ಶುಲ್ಕವಿಲ್ಲ, ವಕೀಲರು, ಕಕ್ಷಿದಾರರು ಇಬ್ಬರ ಸಹಿಯೂ ಬೇಕು. ಹಣ ತೆಗೆದುಕೊಂಡೂ ಜಿ-28ಕ್ಕೆ ಸಹಿ ಹಾಕಲು ಮೀನಮೇಷ ಎಣಿಸುವವರು ವಕೀಲರೇ ಆಗಿರಲಿಕ್ಕಿಲ್ಲ.

ದೊಡ್ಡ ಫರ್ಮ್ ಒಳ್ಳೆಯದೋ, ಒಬ್ಬ ವಕೀಲರು ಒಳ್ಳೆಯದೋ? 1951ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಫ್ರಾಗೊಮೆನ್‌ನಂಥ ಸಂಸ್ಥೆಗಳು ಇವತ್ತು ಹಲವು ದೇಶಗಳಲ್ಲಿ ವಲಸೆ ಕೆಲಸವೊಂದನ್ನೇ ಮಾಡುತ್ತವೆ. ಒಂದೇ ಕಂಪನಿಯ ನೂರಾರು ಅರ್ಜಿಗಳನ್ನು ಗಡುವು ತಪ್ಪದೆ ಸಾಗಿಸಲು ಅಂಥ ಯಂತ್ರವೇ ಬೇಕು. ಆದರೆ ಅಲ್ಲಿ ನಿಮ್ಮ ಫೈಲು ದಿನನಿತ್ಯ ಇರುವುದು ಪ್ಯಾರಾಲೀಗಲ್ ಒಬ್ಬರ ಕೈಯಲ್ಲಿ; ಬೋರ್ಡಿನ ಮೇಲೆ ಹೆಸರಿರುವವರನ್ನು ನೀವು ಕಾಣುವುದೇ ಇಲ್ಲ. ಅದು ತಪ್ಪೂ ಅಲ್ಲ. ಸೋಲೋ ವಕೀಲರ ಹತ್ತಿರ ಫೋನು ಎತ್ತುವವರೂ ಅವರೇ, ಜ್ವರ ಬಂದು ಮಲಗುವವರೂ ಅವರೇ. ಇಲಾಖೆ ಹೆಚ್ಚಿನ ದಾಖಲೆ ಕೇಳಿ ಪತ್ರ ಕಳಿಸಿದರೆ, ಅಂದರೆ ಆರ್‌ಎಫ್‌ಇ ಬಂದರೆ, ಉತ್ತರಕ್ಕೆ ಗರಿಷ್ಠ ಗಡುವು 84 ದಿನ, ಅದಕ್ಕೆ ವಿಸ್ತರಣೆ ಇಲ್ಲ. 'ನೀವು ರಜೆಯಲ್ಲಿದ್ದರೆ ಯಾರು ನೋಡ್ತಾರೆ?' ಎಂದು ಸೋಲೋ ವಕೀಲರನ್ನೂ, 'ನನ್ನ ಫೈಲು ಓದಿ ಸಹಿ ಹಾಕುವ ವಕೀಲರ ಹೆಸರೇನು?' ಎಂದು ದೊಡ್ಡ ಫರ್ಮನ್ನೂ ಕೇಳಬೇಕು. ಆರ್‌ಎಫ್‌ಇಗೆ ಉತ್ತರ ಬರೆಯುವ ಫೀಸು ಮೊದಲ ಮೊತ್ತದಲ್ಲೇ ಸೇರಿದೆಯೇ ಎಂದು ಇಬ್ಬರನ್ನೂ. ವಲಸೆ ವಕೀಲರು ಗಂಟೆ ಲೆಕ್ಕಕ್ಕಿಂತ ಒಟ್ಟು ಮೊತ್ತ ಹೇಳುವುದೇ ಹೆಚ್ಚು, ಸರ್ಕಾರಿ ಶುಲ್ಕ ಅದರ ಹೊರಗೆ. ಒಳಗೇನು, ಹೊರಗೇನು ಎಂಬುದು ಕಾಗದದ ಮೇಲೆ ಇರಲಿ.

ವೃತ್ತಿಯಲ್ಲಾಗುವ ತಪ್ಪಿಗೆ ವಿಮೆ ಇಟ್ಟುಕೊಳ್ಳಬೇಕೆಂದು ಖಾಸಗಿ ವಕೀಲರಿಗೆ ಕಡ್ಡಾಯ ಮಾಡಿರುವ ರಾಜ್ಯಗಳಲ್ಲಿ ಓರೆಗಾನ್, ಐಡಹೊ ಸೇರಿವೆ. ಬಹುತೇಕ ಉಳಿದ ಕಡೆ ವಿಮೆ ಅವರವರ ಇಷ್ಟ. ಕೇಳುವುದರಲ್ಲಿ ಸಂಕೋಚ ಬೇಡ.

ಸಣ್ಣ ಆಫೀಸಿನ ಒಬ್ಬ ವಕೀಲರು ಏನು ಮಾಡಬಲ್ಲರು ಎಂಬುದಕ್ಕೆ ಬೀಟಲ್ಸ್‌ನ ಜಾನ್ ಲೆನನ್ ಕಥೆ ಕೇಳಿ. 1972ರಲ್ಲಿ ನಿಕ್ಸನ್ ಸರ್ಕಾರ ಅವರನ್ನು ದೇಶದಿಂದ ಹೊರಗಟ್ಟಲು ಹೊರಟಿತು. 1968ರಲ್ಲಿ ಲಂಡನ್ನಿನಲ್ಲಿ ಗಾಂಜಾ ಸಿಕ್ಕ ಪ್ರಕರಣವೇ ನೆಪ. ಲೆನನ್ ಹಿಡಿದ ವಕೀಲರು ನ್ಯೂಯಾರ್ಕಿನ ಲಿಯಾನ್ ವೈಲ್ಡ್ಸ್. ಸಂಗೀತದ ಗಂಧವಿಲ್ಲದ ಈ ಮನುಷ್ಯನಿಗೆ ತನ್ನ ಕಕ್ಷಿದಾರ ಯಾರೆಂದೇ ಗೊತ್ತಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಜ್ಯಾಕ್ ಲೆಮನ್ ಎಂಬವನನ್ನು ಕಂಡೆ ಎಂದರಂತೆ! ಆದರೆ ಕಾನೂನು ಗೊತ್ತಿತ್ತು. ಕೆಲವರನ್ನು ಮಾನವೀಯ ಕಾರಣಕ್ಕೆ ಸದ್ದಿಲ್ಲದೆ ಇರಗೊಡುವ 'ನಾನ್‌ಪ್ರಯಾರಿಟಿ' ಎಂಬ ಪದ್ಧತಿ ವಲಸೆ ಇಲಾಖೆಯ ಒಳಗೇ ಇದೆ ಎಂಬ ಗುಮಾನಿ ಅವರಿಗೆ. ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಇಲಾಖೆಯ ಬೆನ್ನುಬಿದ್ದು ಆ ಕಡತಗಳನ್ನು ಹೊರಗೆ ತೆಗೆಸಿದರು. 1975ರ ಅಕ್ಟೋಬರ್ 7ರಂದು ಮೇಲ್ಮನವಿ ಕೋರ್ಟು ಲೆನನ್ ಪರವಾಗಿ ತೀರ್ಪು ಕೊಟ್ಟಿತು, 1976ರ ಜುಲೈ 27ರಂದು ಗ್ರೀನ್ ಕಾರ್ಡ್ ಬಂತು. ಅಂದು ಬಯಲಿಗೆ ಬಂದ ಆ ಪದ್ಧತಿಯ ಮುಂದುವರಿಕೆಯೇ, ಮಕ್ಕಳಾಗಿದ್ದಾಗ ದಾಖಲೆಯಿಲ್ಲದೆ ಅಮೆರಿಕಕ್ಕೆ ಬಂದವರಿಗೆ 2012ರಲ್ಲಿ ನೆರಳಾದ 'ಡಾಕಾ'. ಗಿರಾಕಿಯ ಹೆಸರು ತಪ್ಪು ಹೇಳುವ ವಕೀಲರೂ ಕೆಲವೊಮ್ಮೆ ಒಳ್ಳೆಯ ವಕೀಲರೇ.

ನಮ್ಮವರೇ ಒಬ್ಬರು ಇನ್ನೂ ಹಿಂದೆ ಇದ್ದರು. ಅಹಮದಾಬಾದಿನಲ್ಲಿ ಹುಟ್ಟಿದ ಸಖಾರಾಂ ಗಣೇಶ ಪಂಡಿತ್ 1914ರಲ್ಲಿ ಅಮೆರಿಕದ ಪ್ರಜೆಯಾಗಿ, ಕ್ಯಾಲಿಫೋರ್ನಿಯಾದಲ್ಲಿ ವಕೀಲರಾದರು. ಭಾರತೀಯರು ಕಾನೂನಿನ ಕಣ್ಣಿಗೆ ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಥಿಂಡ್ ಅವರ ವಕೀಲರ ಪೈಕಿ ಪಂಡಿತರೂ ಒಬ್ಬರು. ಆ ತೀರ್ಪು ಹಿಡಿದು ಸರ್ಕಾರ ಭಾರತೀಯರ ಪೌರತ್ವವನ್ನು ಒಂದೊಂದಾಗಿ ಕಿತ್ತುಕೊಳ್ಳತೊಡಗಿತು. ಸರದಿ ಪಂಡಿತರಿಗೂ ಬಂತು. ಪೌರತ್ವ ಕೊಟ್ಟಾಗ ಸುಮ್ಮನಿದ್ದು ಈಗ ಕಿತ್ತುಕೊಂಡರೆ ಮನೆ, ವೃತ್ತಿ ಎರಡೂ ಹೋಗುತ್ತವೆ ಎಂಬುದು ಅವರ ವಾದ. 1926ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದರು, ಮರುವರ್ಷ ಸುಪ್ರೀಂ ಕೋರ್ಟು ಸರ್ಕಾರದ ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಕಕ್ಷಿದಾರರಿಗಾಗಿ ಸೋತ ಕೇಸನ್ನು ತನಗಾಗಿ ಗೆದ್ದ ವಕೀಲರು ಎಷ್ಟು ಜನ ಸಿಗುತ್ತಾರೆ?

ಕಳ್ಳತನದ ಆರೋಪ ಹೊತ್ತ ಬಡವನಿಗೆ ಅಮೆರಿಕದಲ್ಲಿ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಗಡೀಪಾರಿನ ವಿಚಾರಣೆಗೆ ಅದಿಲ್ಲ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕುಂಟು, 'ಸರ್ಕಾರಕ್ಕೆ ಖರ್ಚಿಲ್ಲದಂತೆ' ಎಂದು ಕಾಯ್ದೆಯಲ್ಲೇ ಬರೆದಿದೆ. ಮಕ್ಕಳಿಗೂ ಇದೇ ಮಾತು. 2013ರಲ್ಲಿ ನ್ಯೂಯಾರ್ಕ್ ನಗರ ಬಂಧನದಲ್ಲಿರುವ ವಲಸಿಗರಿಗೆ ತನ್ನ ದುಡ್ಡಿನಿಂದ ವಕೀಲರನ್ನು ಒದಗಿಸತೊಡಗಿತು. ಇನ್ನೊಂದು ಸಂಗತಿ: ಕ್ರಿಮಿನಲ್ ಕೇಸಿನಲ್ಲಿ ತಪ್ಪೊಪ್ಪಿಕೊಂಡರೆ ಗಡೀಪಾರಾಗಬಹುದು ಎಂದು ಎಚ್ಚರಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೇಸು ಹಾಕಿದ್ದ ಹೊಸೆ ಪದಿಯಾ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಪರ ಹೋರಾಡಿದವರು, ಗ್ರೀನ್ ಕಾರ್ಡ್ ಇದ್ದವರು. 'ಇಷ್ಟು ವರ್ಷದಿಂದ ಇದ್ದೀರಿ, ಏನೂ ಆಗಲ್ಲ' ಎಂದಿದ್ದರು ಅವರ ವಕೀಲರು.

ವಕೀಲರಲ್ಲದವರೂ ಕಾನೂನುಬದ್ಧವಾಗಿ ನಿಮ್ಮ ಪರ ನಿಲ್ಲಬಹುದಾದ ಸಂದರ್ಭಗಳಿವೆ. ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಲಾಭರಹಿತ ಸಂಸ್ಥೆಗಳ 'ಅಕ್ರೆಡಿಟೆಡ್' ಪ್ರತಿನಿಧಿಗಳು ಒಂದು ಬಗೆ. ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ಕೆಲಸ ಮಾಡುವ ಲಾ ಕಾಲೇಜ್ ವಿದ್ಯಾರ್ಥಿಗಳು ಇನ್ನೊಂದು ಬಗೆ. ಬಿಡಿಗಾಸೂ ತೆಗೆದುಕೊಳ್ಳದೆ, ಅನುಮತಿ ಪಡೆದು ನಿಲ್ಲುವ ನೆಂಟರು, ನೆರೆಯವರಿಗೂ ನಿಯಮದಲ್ಲಿ ಜಾಗವಿದೆ.

ಗ್ರೀನ್ ಕಾರ್ಡ್, ಪೌರತ್ವದ ಸಂದರ್ಶನಕ್ಕೆ ವಕೀಲರು ಜೊತೆಗೆ ಬರಬಹುದು. ಚೆನ್ನೈಗೋ ಹೈದರಾಬಾದಿಗೋ ವೀಸಾ ಸ್ಟ್ಯಾಂಪಿಂಗ್‌ಗೆ ಹೋದಾಗ ಆ ಭರವಸೆ ಇಟ್ಟುಕೊಳ್ಳಬೇಡಿ. ಒಳಗೆ ಬಿಡುವುದೂ ಬಿಡದಿರುವುದೂ ಆಯಾ ಕಾನ್ಸುಲೇಟಿನ ಮರ್ಜಿ. ಅಲ್ಲಿನ ಅಧಿಕಾರಿ ಇಲ್ಲ ಎಂದದ್ದನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು ಎಷ್ಟು ಕಷ್ಟ ಎಂಬುದನ್ನು 2024ರಲ್ಲಿ ಸುಪ್ರೀಂ ಕೋರ್ಟು ಇನ್ನೊಮ್ಮೆ ಗಟ್ಟಿ ಮಾಡಿತು.

ವಕೀಲರು ಕೈಕೊಟ್ಟರೆ? ವಕೀಲರ ತಪ್ಪಿನಿಂದ ಕೇಸು ಹೋಯಿತು ಎಂದು ವಾದಿಸಲು ವಲಸೆ ಮೇಲ್ಮನವಿ ಮಂಡಳಿಯ 1988ರ ಲೊಸಾಡಾ ತೀರ್ಪು ಮೂರು ಷರತ್ತು ಹಾಕಿದೆ: ನಡೆದದ್ದನ್ನು ಅಫಿಡವಿಟ್‌ನಲ್ಲಿ ಬರೆಯಬೇಕು, ಹಳೆಯ ವಕೀಲರಿಗೆ ತಿಳಿಸಿ ಉತ್ತರಿಸಲು ಅವಕಾಶ ಕೊಡಬೇಕು, ಬಾರ್‌ಗೆ ದೂರು ಕೊಡಬೇಕು ಅಥವಾ ಯಾಕೆ ಕೊಟ್ಟಿಲ್ಲ ಎಂದು ಹೇಳಬೇಕು. ವಕೀಲರನ್ನು ನಡುವೆ ಬದಲಾಯಿಸಲು ಯಾರ ಅಪ್ಪಣೆಯೂ ಬೇಡ. ಹೊಸ ಜಿ-28 ಹಾಕಿದರಾಯಿತು. ವಲಸೆ ಕೋರ್ಟಿನಲ್ಲಿ ಮಾತ್ರ ನ್ಯಾಯಾಧೀಶರ ಒಪ್ಪಿಗೆ ಬೇಕಾಗುತ್ತದೆ. ಹಳೆಯ ಫೈಲು ಸಿಗದಿದ್ದರೆ, ಇಲಾಖೆಯಲ್ಲಿರುವ ನಿಮ್ಮ ಕಡತದ ಪ್ರತಿಯನ್ನು ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ನೀವೇ ಆನ್‌ಲೈನ್‌ನಲ್ಲಿ ಕೇಳಬಹುದು.

ಅರ್ಜಿ ಯಾರೇ ತುಂಬಲಿ, ಅದರಲ್ಲಿ ಬರೆದದ್ದು ನಿಜ ಎಂದು ಸಹಿ ಹಾಕುವವರು ನೀವು. 'ಲಾಯರ್ ಬರೆದಿದ್ದು, ನಾನು ಓದಿಲ್ಲ' ಎಂಬ ಮಾತು ನಡೆಯುವುದಿಲ್ಲ.

ಭಾರತೀಯರ ಅರ್ಜಿಗಳನ್ನು ನೋಡಿ ಪಳಗಿದ ವಕೀಲರಿಂದ ಒಂದು ಲಾಭ ಖಂಡಿತ ಇದೆ, ಅದು ಜನನ ಪ್ರಮಾಣಪತ್ರದ ವಿಷಯದಲ್ಲಿ. ನಮ್ಮ ಕಡೆಯ ಹಳೆಯ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಎಷ್ಟೋ ಸಲ ಖಾಲಿ. ಹಳ್ಳಿಯಲ್ಲಿ ಹುಟ್ಟಿದ ಹಿರಿಯರಿಗೆ ನೋಂದಣಿಯೇ ಇರುವುದಿಲ್ಲ. ಅಂಥವರಿಗೆ ದಾಖಲೆ ಲಭ್ಯವಿಲ್ಲ ಎಂಬ ಸರ್ಕಾರಿ ಪತ್ರ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಹುಟ್ಟನ್ನು ಬಲ್ಲ ಹಿರಿಯರ ಅಫಿಡವಿಟ್ ಇವನ್ನು ಮೊದಲೇ ಕೂಡಿಸಿಟ್ಟರೆ ಒಂದು ಆರ್‌ಎಫ್‌ಇ ಉಳಿಯಿತು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರ ವೀಸಾದಲ್ಲಿ ಇದ್ದೊಂದು ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಎಂಬ ಮೂರಕ್ಷರ ಬಂದು ಕೂರುತ್ತದೆ. ಇನಿಶಿಯಲ್‌ಗಳ ನಾಡಿನಿಂದ ಹೋದವರಿಗೆ ಇದು ಚೆನ್ನಾಗಿ ಗೊತ್ತು.

ಆ ಕನ್ನಡದ ಜನನ ಪತ್ರವನ್ನು ಇಂಗ್ಲಿಷಿಗೆ ಮಾಡಿಸಲು ಕೆಲವರು ವಕೀಲರಿಗೆ ಬೇರೆ ಫೀಸು ಕೊಡುತ್ತಾರೆ. ನಿಯಮ ಕೇಳುವುದು ಪೂರ್ಣ ಅನುವಾದ, ಅದರ ಜೊತೆಗೆ 'ನನಗೆ ಎರಡೂ ಭಾಷೆ ಬರುತ್ತದೆ, ಈ ಅನುವಾದ ಪೂರ್ಣವಾಗಿದೆ, ಸರಿಯಾಗಿದೆ' ಎಂಬ ಅನುವಾದಕರ ಸಹಿಯಿರುವ ಹೇಳಿಕೆ. ಅನುವಾದಕರಿಗೆ ಲೈಸೆನ್ಸ್ ಬೇಕಿಲ್ಲ. ಎರಡೂ ಭಾಷೆ ಓದಿ ಬರೆಯಬಲ್ಲ ಪಕ್ಕದ ಬೀದಿಯ ಕನ್ನಡ ಕೂಟದ ಸ್ನೇಹಿತರು ಮಾಡಿಕೊಟ್ಟರೂ ನಡೆಯುತ್ತದೆ.